ಚಳಿಗೆ ಜಾರುವ ಇನ್ಫಿನಿಟಿ: ಹಳೆಯ 135 ಎಂಎಂ ಲೆನ್ಸ್‌ಗೆ ಒಂದು ಎಂ4 ಬೋಲ್ಟ್

135 ಎಂಎಂ ಲೆನ್ಸ್‌ನ ಗಾಜು ಇರಬೇಕಾದ ಜಾಗಕ್ಕಿಂತ ಬರೀ 0.05 ಮಿ.ಮೀ. ಮುಂದೆ ನಿಂತರೂ ಸಾಕು, ಅದರ ಫೋಕಸ್ ನಕ್ಷತ್ರದ ಮೇಲೆ, ಅಂದರೆ ಇನ್ಫಿನಿಟಿಯಲ್ಲಿ (ಕೊನೆಯಿಲ್ಲದ ದೂರದಲ್ಲಿ), ಇರುವುದಿಲ್ಲ. ಸುಮಾರು 365 ಮೀಟರ್ ದೂರದ ತೆಂಗಿನ ಮರದ ಮೇಲೆ ಇರುತ್ತದೆ. ಲೆಕ್ಕ ಸುಲಭ. ಫೋಕಲ್ ಲೆಂತ್‌ನ ವರ್ಗವನ್ನು ಎಷ್ಟು ತಪ್ಪಿದೆಯೋ ಅದರಿಂದ ಭಾಗಿಸಬೇಕು. 135ರ ವರ್ಗ 18,225. ಅದನ್ನು 0.05ರಿಂದ ಭಾಗಿಸಿದರೆ 3,64,500 ಮಿ.ಮೀ. ಇಷ್ಟು ಸಣ್ಣ ವ್ಯತ್ಯಾಸ ಆಗೋದಕ್ಕೆ ಯಾರೂ ಲೆನ್ಸ್ ಮುಟ್ಟಬೇಕಾಗಿಲ್ಲ. ಗಾಜು ಮತ್ತು ಸೆನ್ಸರ್ ನಡುವಿನ ಲೋಹ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ.

ಸಂಜೆ ಒಂದು ನಕ್ಷತ್ರಕ್ಕೆ ಫೋಕಸ್ ಮಾಡಿ, ಫೋಕಸ್ ರಿಂಗಿಗೆ ಟೇಪ್ ಸುತ್ತಿ, ಬೆಳಗಿನ ಜಾವದವರೆಗೆ ಫೋಟೊ ತೆಗೆಯಿರಿ ಅಂತ ಎಲ್ಲರೂ ಹೇಳಿಕೊಡುತ್ತಾರೆ. ವೈಡ್ ಲೆನ್ಸ್‌ಗೆ ಅದು ನಡೆಯುತ್ತದೆ. ಫೋಕಲ್ ಲೆಂತ್ ಕಡಿಮೆ ಇದ್ದಷ್ಟೂ ಜಾರಾಟವೂ ಕಡಿಮೆ. 135ಕ್ಕೆ, ಅದೂ ಎಫ್/2.8ರಲ್ಲಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ಅಗಲ), ಟೇಪ್ ಉಪಕಾರಕ್ಕಿಂತ ಅಪಕಾರ ಮಾಡೋದೇ ಜಾಸ್ತಿ. ರಿಂಗ್ ಅಲುಗದ ಹಾಗೆ ಹಿಡಿದಿಡುತ್ತದೆ ನಿಜ. ಆದರೆ ಅಲುಗಿದ್ದು ರಿಂಗ್ ಅಲ್ಲವಲ್ಲ.

ನನ್ನ ಹತ್ತಿರ ಇರೋದು ಎಂ42 ತಿರುಪಿನ (ಕ್ಯಾಮೆರಾಗೆ 42 ಮಿ.ಮೀ. ಅಗಲದ ತಿರುಪಿನಿಂದ ಕೂರುವ) ಹಳೆಯ ಜಪಾನಿ ಲೆನ್ಸ್. 135 ಎಂಎಂ, ಎಫ್/2.8, ಪೂರ್ತಿ ಲೋಹ, ಆಟೊಫೋಕಸ್ ಇಲ್ಲ. ಕ್ಯಾಮೆರಾ ಕ್ಯಾನನ್ 600ಡಿ. ಅದರ ಪಿಕ್ಸೆಲ್ 4.3 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ). ಹಿರಿಯೂರಿನ ಕಡೆ ಮಾವನ ತೋಟದಲ್ಲಿ ಆಕಾಶ ಬೆಂಗಳೂರಿಗಿಂತ ಎಷ್ಟೋ ಕಪ್ಪು, ಹಾಗಾಗಿ ಚಳಿಗಾಲದಲ್ಲಿ ಅಲ್ಲೇ ಬಿಡಾರ. ಸಂಜೆ 28 ಡಿಗ್ರಿ ಇದ್ದದ್ದು ಜನವರಿಯಲ್ಲಿ ಬೆಳಗಿನ ಜಾವಕ್ಕೆ 16ಕ್ಕೆ ಇಳಿಯುತ್ತದೆ. ಅಷ್ಟು ಹೊತ್ತಿಗೆ ಮಹಾವ್ಯಾಧ (ಒರಾಯನ್) ಪಶ್ಚಿಮಕ್ಕೆ ಇಳಿದು, ಸ್ವಾತಿ ನಕ್ಷತ್ರ ಮೇಲೆ ಬಂದಿರುತ್ತದೆ. ಸಂಜೆಯ ಫೋಟೊಗಳಲ್ಲಿ ಸೂಜಿಮೊನೆಯ ಹಾಗಿದ್ದ ಚುಕ್ಕಿಗಳು ಜಾವದ ಫೋಟೊಗಳಲ್ಲಿ ಉಬ್ಬಿರುತ್ತವೆ.

ಎಷ್ಟು ಜಾರಿದರೆ ಕಣ್ಣಿಗೆ ಕಾಣುತ್ತದೆ? ಟೆಲಿಸ್ಕೋಪ್‌ನವರು ಇದಕ್ಕೆ ಒಂದು ಸೂತ್ರ ಇಟ್ಟುಕೊಂಡಿದ್ದಾರೆ: 4.88 ಗುಣಿಸು ಬೆಳಕಿನ ತರಂಗದ ಉದ್ದ ಗುಣಿಸು ಎಫ್ ಸಂಖ್ಯೆಯ ವರ್ಗ. ಹಸಿರು ಬೆಳಕಿಗೆ 0.55 ಮೈಕ್ರಾನ್ ಅಂತ ಹಿಡಿದರೆ ಎಫ್/2.8ಕ್ಕೆ ಒಟ್ಟು 21 ಮೈಕ್ರಾನ್ ಜಾಗ. ಅಂದರೆ ಆ ಕಡೆ ಹತ್ತು, ಈ ಕಡೆ ಹತ್ತು. ಎಫ್/4ಕ್ಕೆ ಇಳಿಸಿದರೆ ಜಾಗ 43ಕ್ಕೆ ಏರುತ್ತದೆ. ಏನೂ ಮಾಡೋಕೆ ಮನಸ್ಸಿಲ್ಲದವರು ಎಫ್/4ರಲ್ಲೇ ತೆಗೆಯಬಹುದು, ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ನನಗೆ ಎಫ್/2.8ರ ಬೆಳಕು ಬೇಕಿತ್ತು.

ಇನ್ನು ಲೋಹ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಭಾಗ ಹಿಗ್ಗುತ್ತದೆ, ಹಿತ್ತಾಳೆ ಸುಮಾರು 19. 135 ಮಿ.ಮೀ. ಉದ್ದದ ಅಲ್ಯೂಮಿನಿಯಂ ಕೊಳವೆ ಡಿಗ್ರಿಗೆ 3.1 ಮೈಕ್ರಾನ್ ಬದಲಾಗುತ್ತದೆ. 12 ಡಿಗ್ರಿ ಇಳಿದರೆ 37 ಮೈಕ್ರಾನ್. ನಮಗೆ ಇರುವ ಜಾಗ ಹತ್ತು. ಇದನ್ನು ಮಾವನಿಗೆ ವಿವರಿಸೋಕೆ ಹೋದರೆ ಅವರಿಗೆ ಅರ್ಧ ಮಾತಲ್ಲೇ ಅರ್ಥ ಆಯಿತು. "ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಾ ಕಾಯಿಸಿ ಹಾಕ್ತೀವಲ್ಲ ಅಳಿಯಂದ್ರೆ, ಆರಿದ್ ಮೇಲೆ ಬಿಗಿ ಹಿಡಿಯುತ್ತೆ. ಅದೇ ತಾನೆ?" ಅದೇ.

ಪೂರ್ತಿ ಅದೇ ಅಲ್ಲ, ಯಾಕೆಂದರೆ ಗಾಜೂ ಸುಮ್ಮನಿರೋದಿಲ್ಲ. ಗಾಜು ಕುಗ್ಗಿದಾಗ ಅದರ ಬಾಗು ಬದಲಾಗುತ್ತದೆ, ಬೆಳಕನ್ನು ಬಗ್ಗಿಸುವ ಶಕ್ತಿಯೂ ಸ್ವಲ್ಪ ಬದಲಾಗುತ್ತದೆ. ಎರಡೂ ಸೇರಿ ಫೋಕಲ್ ಲೆಂತ್ ಏರಿಳಿಯುತ್ತದೆ. ಮಾಮೂಲಿ ಗಾಜಿನಲ್ಲಿ ಈ ಬದಲಾವಣೆ ಚಿಕ್ಕದು, ಕೊಳವೆಯದೇ ಮೇಲುಗೈ. ಕೆಲವು ಲೆನ್ಸ್‌ಗಳಲ್ಲಿ ಮಾಮೂಲಿ ಗಾಜಿನ ಬದಲು ಹಾಕುವ ಫ್ಲೋರೈಟ್ ಹರಳಿನ ಕಥೆ ಬೇರೆ. ಅದು ಹೆಚ್ಚುಕಡಿಮೆ ಹಿತ್ತಾಳೆಯಷ್ಟೇ ಹಿಗ್ಗುತ್ತದೆ, ಬಿಸಿಯಾದರೆ ಬೆಳಕನ್ನು ಕಡಿಮೆ ಬಗ್ಗಿಸುತ್ತದೆ. ಒಂಟಿ ಫ್ಲೋರೈಟ್ ಗಾಜಿನ ಫೋಕಲ್ ಲೆಂತ್ ಡಿಗ್ರಿಗೆ ಹತ್ತು ಲಕ್ಷದಲ್ಲಿ 40 ಭಾಗದಷ್ಟು ಜಾರುತ್ತದೆ, ಅಲ್ಯೂಮಿನಿಯಂ ಕೊಳವೆಗಿಂತ ಜಾಸ್ತಿ. ಹಾಗಾಗಿ ಚಳಿಯಲ್ಲಿ ಮಾಮೂಲಿ ಲೆನ್ಸ್ ಇನ್ಫಿನಿಟಿಯ ಆಚೆಗೆ ಜಾರಿದರೆ, ಫ್ಲೋರೈಟ್ ಜಾಸ್ತಿ ಇರುವ ಲೆನ್ಸ್ ಈಚೆಗೆ ಜಾರಬಹುದು. ಕ್ಯಾನನ್ 1969ರಲ್ಲೇ ಫ್ಲೋರೈಟ್ ಹಾಕಿದ 300 ಎಂಎಂ ಲೆನ್ಸ್ ತಂದಿತ್ತು. ಅವರ ದೊಡ್ಡ ಟೆಲಿ ಲೆನ್ಸ್‌ಗಳ ಫೋಕಸ್ ರಿಂಗ್ ಇನ್ಫಿನಿಟಿ ಗುರುತು ದಾಟಿಯೂ ತಿರುಗುತ್ತದೆ. ಅದು ದೋಷ ಅಲ್ಲ, ತಾಪಮಾನಕ್ಕೆಂದು ಬಿಟ್ಟ ಜಾಗ. ಬಿಳಿ ಬಣ್ಣವೂ ಬಿಸಿಲಿನ ಕಾವು ಹೀರದಿರಲಿ ಅಂತಲೇ. ಗಮನಿಸಿ ನೋಡಿ, ಅವುಗಳ ಇನ್ಫಿನಿಟಿ ಗುರುತಿನ ಪಕ್ಕ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಗೆರೆ ಇರುತ್ತದೆ. ಮಾಮೂಲಿ ಹವೆಯಲ್ಲಿ ಇನ್ಫಿನಿಟಿ ಇರೋದು ಅದರ ನೆಟ್ಟನೆಯ ಗೆರೆಯ ಹತ್ತಿರ, ಮಲಗಿದ ಗೆರೆ ಏರುಪೇರಿಗೆ.

ನನ್ನ ಹಳೆಯ ಲೆನ್ಸ್‌ನಲ್ಲಿ ಆ ಉದಾರತೆ ಇಲ್ಲ. ಇನ್ಫಿನಿಟಿ ಗುರುತಿಗೆ ಬಂದರೆ ಟಕ್ ಅಂತ ನಿಲ್ಲುತ್ತದೆ. ಮೊದಲ ಕೆಲಸ ಆ ತಡೆಯನ್ನು ಹಿಂದಕ್ಕೆ ಸರಿಸೋದು.

ಅಡಾಪ್ಟರ್ ಮತ್ತು ತಡೆ

ಎಂ42 ಲೆನ್ಸ್‌ಗೆ ಮೌಂಟಿನಿಂದ (ಲೆನ್ಸ್ ಬಂದು ಕೂರುವ ಬಾಯಿಯಿಂದ) ಸೆನ್ಸರ್‌ವರೆಗೆ 45.46 ಮಿ.ಮೀ. ಬೇಕು. ಕ್ಯಾನನ್ ಇಎಫ್ ಮೌಂಟಿನಲ್ಲಿ ಇರೋದು 44. ನಡುವಿನ 1.46 ಮಿ.ಮೀ. ಅಡಾಪ್ಟರ್ ತುಂಬಬೇಕು. ಆನ್‌ಲೈನ್‌ನಲ್ಲಿ ಕೊಂಡ ನನ್ನ ಅಡಾಪ್ಟರನ್ನು ವರ್ನಿಯರ್‌ನಲ್ಲಿ ಅಳೆದರೆ 1.62 ಬಂತು. 0.16 ಜಾಸ್ತಿ. ಮೇಲಿನ ಲೆಕ್ಕವನ್ನೇ ಹಾಕಿ: ಗುರುತಿನಲ್ಲಿ ನಿಂತಾಗ ಲೆನ್ಸ್‌ನ ಫೋಕಸ್ 114 ಮೀಟರ್‌ನಲ್ಲಿ ಇರುತ್ತದೆ, ನಕ್ಷತ್ರ 57 ಮೈಕ್ರಾನ್ ಅಗಲದ, ಅಂದರೆ 13 ಪಿಕ್ಸೆಲ್‌ನ, ಉಂಡೆ ಆಗುತ್ತದೆ. ತಾಪಮಾನದ ಮಾತು ಎತ್ತೋ ಮೊದಲು ಇದು ಸರಿಯಾಗಬೇಕು. ನಿಮ್ಮ ಲೆನ್ಸ್ ಇನ್ಫಿನಿಟಿಗೇ ಬರ್ತಿಲ್ಲ ಅಂದರೆ ಮೊದಲು ಅಡಾಪ್ಟರ್ ಅಳೆಯಿರಿ. ಚಳಿಯನ್ನು ಆಮೇಲೆ ಬೈಯಬಹುದು.

ಅಡಾಪ್ಟರನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಳು ಮಾಡುವವರಿದ್ದಾರೆ. ನಾನು ಒಪ್ಪೋದಿಲ್ಲ. ಕೈಯಲ್ಲಿ ಉಜ್ಜಿದರೆ ಒಂದು ಮೂಲೆ ಜಾಸ್ತಿ ಸವೆದು ಲೆನ್ಸ್ ಓರೆ ಕೂರುತ್ತದೆ. ಆಗ ಫೋಟೊದ ಎಡಗಡೆ ಚುಕ್ಕಿಗಳು ಚೂಪು, ಬಲಗಡೆ ಮಬ್ಬು. ಇಂಥ ಲೆನ್ಸ್‌ಗಳಲ್ಲಿ ತಡೆ ಇರೋದು ಫೋಕಸ್ ರಿಂಗಿನಲ್ಲಿ. ರಿಂಗಿನ ಅಂಚಿನಲ್ಲಿ ಮೂರು ಪುಟ್ಟ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಇರುತ್ತವೆ, ಅವೇ ರಿಂಗನ್ನು ಒಳಗಿನ ಹೆಲಿಕಾಯ್ಡ್‌ಗೆ, ಅಂದರೆ ತಿರುಗಿಸಿದಾಗ ಗಾಜನ್ನು ಹಿಂದೆಮುಂದೆ ಸರಿಸುವ ತಿರುಪಿನ ಕೊಳವೆಗೆ, ಹಿಡಿದಿರುತ್ತವೆ. ಅವನ್ನು ಸಡಿಲ ಮಾಡಿದರೆ ರಿಂಗ್ ನಿಂತಲ್ಲೇ ನಿಲ್ಲಿಸಿ ಹೆಲಿಕಾಯ್ಡ್ ಮಾತ್ರ ತಿರುಗಿಸಬಹುದು.

ಸ್ಕ್ರೂಗಳಿಗೆ ಫ್ಯಾಕ್ಟರಿಯವರು ಅರಗಿನಂಥ ಬಣ್ಣ ಹಚ್ಚಿದ್ದರು. ನೈಲ್ ಪಾಲಿಶ್ ರಿಮೂವರ್ ಒಂದೊಂದು ಹನಿ ಬಿಟ್ಟು ಕಾದರೆ ಮೆತ್ತಗಾಗುತ್ತದೆ. ಸ್ಕ್ರೂಡ್ರೈವರ್ ತುದಿ ಸೀಳಿಗೆ ಸರಿಯಾಗಿ ಕೂರಬೇಕು, ವಾಚ್ ರಿಪೇರಿಯದು ಒಳ್ಳೆಯದು. ಸೀಳು ಸವೆದರೆ ಆಮೇಲೆ ಡ್ರಿಲ್ ಹಿಡಿಯೋ ಪಾಡು.

ಗ್ರೀಸ್ ಹೇಗೂ ಗಟ್ಟಿಯಾಗಿತ್ತು. ಹಳೆಯ ಗ್ರೀಸ್ ಬೆಚ್ಚಗಿನ ಸಂಜೆ ಪರವಾಗಿಲ್ಲ, ಚಳಿಗೆ ರಿಂಗ್ ತಿರುಗಿಸಿದರೆ ಟ್ರೈಪಾಡೇ ತಿರುಗುತ್ತದೆ. ಹೆಲಿಕಾಯ್ಡ್ ಪೂರ್ತಿ ಬಿಚ್ಚುವವರು ಒಂದು ಮಾತು ನೆನಪಿಡಿ. ಇದು ಮಾಮೂಲಿ ಬೋಲ್ಟ್ ಅಲ್ಲ, ಇದರಲ್ಲಿ ಹಲವು ಥ್ರೆಡ್‌ಗಳು ಪಕ್ಕಪಕ್ಕ ಒಟ್ಟಿಗೆ ಶುರುವಾಗುತ್ತವೆ. ಎರಡು ಭಾಗ ಬೇರೆಯಾಗುವ ಕ್ಷಣದಲ್ಲಿ ಎರಡರ ಮೇಲೂ ಮಾರ್ಕರ್‌ನಿಂದ ಎದುರುಬದುರು ಗುರುತು ಹಾಕಬೇಕು. ಬೇರೆ ಥ್ರೆಡ್‌ನಲ್ಲಿ ಸೇರಿಸಿದರೂ ನುಣ್ಣಗೆ ತಿರುಗುತ್ತದೆ, ಆದರೆ ಫೋಕಸ್ ಎಲ್ಲೋ ಇರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಹಲ್ಲುಜ್ಜೋ ಬ್ರಶ್‌ನಿಂದ ಕಂದು ಗ್ರೀಸ್ ತೆಗೆದೆ. ಹೊಸದನ್ನು ತೆಳ್ಳಗೆ ಸವರಿದೆ. ಜಾಸ್ತಿ ಹಾಕಿದರೆ ಬೇಸಿಗೆಯಲ್ಲಿ ಎಣ್ಣೆ ಬಿಟ್ಟು ಬೆಳಕಿನ ಕಿಂಡಿಯ ಡಯಾಫ್ರಮ್ ಬ್ಲೇಡ್‌ಗೆ ಹರಿಯುತ್ತದೆ.

ಈಗ ತಡೆಯನ್ನು ಎಲ್ಲಿಗೆ ಇಡಬೇಕು? ಈ ಲೆನ್ಸ್ 1.5 ಮೀಟರ್‌ವರೆಗೆ ಫೋಕಸ್ ಆಗುತ್ತದೆ. ಅದಕ್ಕೆ ಗಾಜು 15 ಮಿ.ಮೀ. ಮುಂದೆ ಬರಬೇಕು. ರಿಂಗ್ ಸುಮಾರು ಮುಕ್ಕಾಲು ಸುತ್ತು, 270 ಡಿಗ್ರಿ, ತಿರುಗುತ್ತದೆ. ಅಂದರೆ ರಿಂಗಿನ ಒಂದು ಡಿಗ್ರಿಗೆ 55 ಮೈಕ್ರಾನ್. ಅಡಾಪ್ಟರ್‌ನ 0.16 ಮಿ.ಮೀ.ಗೆ ಮೂರು ಡಿಗ್ರಿ ಬೇಕು. ಅದರ ಮೇಲೆ ತಾಪಮಾನಕ್ಕೆ ಇನ್ನೆರಡು ಡಿಗ್ರಿ ಬಿಟ್ಟೆ. ಒಟ್ಟು ಐದು, ರಿಂಗಿನ ಅಂಚಿನಲ್ಲಿ ಎರಡೂವರೆ ಮಿ.ಮೀ. ಚಿಲ್ಲರೆ.

ಇಲ್ಲಿ ದಿಕ್ಕು ಮುಖ್ಯ. ಮಾಮೂಲಿ ಗಾಜಿನ ಲೆನ್ಸ್‌ನಲ್ಲಿ ಬಿಸಿಯಾದರೆ ಕೊಳವೆ ಉದ್ದವಾಗಿ ಗಾಜು ಸೆನ್ಸರ್‌ನಿಂದ ದೂರ ಹೋಗುತ್ತದೆ. ಅದನ್ನು ಹಿಂದಕ್ಕೆ ತರೋಕೆ ರಿಂಗ್ ಇನ್ನಷ್ಟು ತಿರುಗಬೇಕು. ತಡೆ ಅಡ್ಡ ಬಂದರೆ ಇನ್ಫಿನಿಟಿ ಸಿಗುವುದೇ ಇಲ್ಲ. ಚಳಿಗೆ ಆ ತೊಂದರೆ ಇಲ್ಲ, ರಿಂಗನ್ನು ಸ್ವಲ್ಪ ಈಚೆಗೆ ತಂದರಾಯಿತು. ಅದಕ್ಕೇ ಚಳಿಗಾಲದ ರಾತ್ರಿ ತಡೆಯನ್ನು ನಿಖರವಾಗಿ ಇನ್ಫಿನಿಟಿಗೆ ಕೂರಿಸಬಾರದು. ಏಪ್ರಿಲ್ ಮಧ್ಯಾಹ್ನ ಅದೇ ಲೆನ್ಸ್ ಹಿಡಿದು ಹಕ್ಕಿ ಫೋಟೊಗೆ ಹೋದರೆ ದೂರದ ಬೆಟ್ಟ ಮಬ್ಬು ಬರುತ್ತದೆ.

ತಡೆ ಕೂರಿಸುವಾಗ ನೋಡೋಕೆ ದೂರದ ಒಂದು ದೀಪ ಬೇಕು. ಬೀದಿಯ ಕೊನೆಯ ಕಂಬ ಸಾಲದು. ಚಿತ್ರದುರ್ಗದ ಕಡೆ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ನನಗೆ ಅನುಕೂಲ. 5 ಕಿ.ಮೀ. ದೂರದ ದೀಪಕ್ಕೂ ನಕ್ಷತ್ರಕ್ಕೂ ಫೋಕಸ್ ವ್ಯತ್ಯಾಸ 3.6 ಮೈಕ್ರಾನ್ ಅಷ್ಟೇ. ಹಗಲಲ್ಲಿ ಅಷ್ಟು ದೂರದ್ದನ್ನು ನೋಡಬೇಡಿ, ನೆಲದ ಕಾವಿಗೆ ಎಲ್ಲ ಕುಣಿಯುತ್ತಿರುತ್ತದೆ.

ಉದ್ದ ಕೈ, ಎಂ4 ಬೋಲ್ಟ್

ತಡೆ ಸರಿಸಿದ ಮೇಲೆ ರಿಂಗ್ ಇನ್ಫಿನಿಟಿ ದಾಟಿ ತಿರುಗುತ್ತದೆ. ಆದರೆ ಬೆರಳಲ್ಲಿ 10 ಮೈಕ್ರಾನ್ ತಿರುಗಿಸೋದು ಹೇಗೆ? ರಿಂಗಿನ ಅಂಚಿನಲ್ಲಿ ಅದು ಒಂದು ಮಿ.ಮೀ.ನ ಹತ್ತನೇ ಒಂದು ಭಾಗ. ಹಾಗಾಗಿ ಕೈ ಉದ್ದ ಮಾಡಬೇಕು, ಅಂದರೆ ರಿಂಗಿಗೆ ಉದ್ದದ ಹಿಡಿ ಕಟ್ಟಬೇಕು.

ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ರಿಂಗಿಗೆ ಸುತ್ತಿ, ಅದರ ಮೇಲೆ ಹೋಸ್ ಕ್ಲಾಂಪ್ ಬಿಗಿದೆ. ಕ್ಲಾಂಪಿಗೆ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ. ಲೆನ್ಸ್‌ನ ನಡುವಿನಿಂದ ಅದರ ತುದಿಗೆ 100 ಮಿ.ಮೀ. ಕ್ಯಾಮೆರಾ ಕೆಳಗೆ ಟ್ರೈಪಾಡ್ ಸ್ಕ್ರೂನಲ್ಲೇ ಒಂದು ಎಲ್ ಆಂಗಲ್ ಸೇರಿಸಿ, ಅದರ ನಿಂತ ಭಾಗಕ್ಕೆ ತೂತು ಕೊರೆಸಿ ಎಂ4 (4 ಮಿ.ಮೀ. ಬೋಲ್ಟಿನ) ನಟ್ ಕೂರಿಸಿದೆ. ಬೋಲ್ಟ್ ತುದಿ ಪಟ್ಟಿಯನ್ನು ದೂಡುತ್ತದೆ. ಎದುರು ಕಡೆಯಿಂದ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿಯನ್ನು ಬೋಲ್ಟಿಗೆ ಒತ್ತಿ ಹಿಡಿಯುತ್ತದೆ. ಸ್ಪ್ರಿಂಗ್ ಇಲ್ಲದಿದ್ದರೆ ಬೋಲ್ಟ್ ಹಿಂದೆ ತಿರುಗಿಸಿದಾಗ ಪಟ್ಟಿ ನಿಂತಲ್ಲೇ ನಿಲ್ಲುತ್ತದೆ.

ತೂತು ಕೊರೆದ ಲೇತ್ ಅಂಗಡಿಯವರು ಕೇಳಿದರು, "ಸಾರ್, ಇಷ್ಟು ನಾಜೂಕು ಕೆಲಸಕ್ಕೆ ಫೈನ್ ಥ್ರೆಡ್ ಬೇಡ್ವಾ?" ಬೇಡ. ಎಂ4ರ ಪಿಚ್, ಅಂದರೆ ಒಂದು ಸುತ್ತಿಗೆ ಸರಿಯುವ ದೂರ, 0.7 ಮಿ.ಮೀ. 100 ಮಿ.ಮೀ. ಉದ್ದದ ಕೈಯಲ್ಲಿ ಅದು 0.4 ಡಿಗ್ರಿ. ಗಾಜಿನ ಹತ್ತಿರ 22 ಮೈಕ್ರಾನ್. ಎಫ್/2.8ಕ್ಕೆ ನಮಗಿರುವ ಒಟ್ಟು ಜಾಗವೂ ಹೆಚ್ಚುಕಡಿಮೆ ಅಷ್ಟೇ. ಬೋಲ್ಟ್ ತಲೆಗೆ ಬಾಟಲಿ ಮುಚ್ಚಳ ಅಂಟಿಸಿ, ಹತ್ತು ಗೆರೆ ಹಾಕಿದ ಕಾಗದದ ಡಯಲ್ ಕೆಳಗಿಟ್ಟರೆ ಒಂದು ಗೆರೆಗೆ 2.2 ಮೈಕ್ರಾನ್. ಯಾವ ಅಂಗಡಿಯ ಬೋಲ್ಟ್ ಆದರೂ ನಡೆಯುತ್ತದೆ.

ಈ ಆಂಗಲ್ಲೂ ಅಲ್ಯೂಮಿನಿಯಂ, ಅದೂ ಚಳಿಗೆ ಕುಗ್ಗೋದಿಲ್ವಾ? ಕುಗ್ಗುತ್ತದೆ. 60 ಮಿ.ಮೀ. ಆಂಗಲ್ 12 ಡಿಗ್ರಿಗೆ 17 ಮೈಕ್ರಾನ್. ಆದರೆ ಅದು ಕೈಯ ತುದಿಯಲ್ಲಿ. ಗಾಜಿನ ಹತ್ತಿರಕ್ಕೆ ಬರುವಾಗ ಅರ್ಧ ಮೈಕ್ರಾನ್ ಆಗಿರುತ್ತದೆ. ಉದ್ದ ಕೈಯಿಂದ ಇದೊಂದು ಲಾಭ.

ಫೋಕಸ್ ನೋಡೋಕೆ ಬಾಹ್ಟಿನೋವ್ ಮಾಸ್ಕ್, ಲೆನ್ಸ್ ಮುಂದೆ ಇಡುವ ಗೆರೆಗೆರೆಯ ಮುಸುಕು. ರಷ್ಯಾದ ಪಾವೆಲ್ ಬಾಹ್ಟಿನೋವ್‌ಗೆ 2005ರಲ್ಲಿ ಹೊಳೆದ ಉಪಾಯ. ಮೂರು ದಿಕ್ಕಿನ ಗೆರೆಗಳು ನಕ್ಷತ್ರದ ಸುತ್ತ ಮೂರು ಕಡ್ಡಿ ಮೂಡಿಸುತ್ತವೆ. ನಡುವಿನ ಕಡ್ಡಿ ಉಳಿದೆರಡರ ಸರಿ ಮಧ್ಯದಲ್ಲಿ ಹಾದರೆ ಫೋಕಸ್ ಸರಿ. ಅದು ಯಾವ ಕಡೆ ಸರಿದಿದೆ ಅಂತ ನೋಡಿದರೆ ಬೋಲ್ಟ್ ಯಾವ ಕಡೆ ತಿರುಗಿಸಬೇಕು ಅಂತಲೂ ಗೊತ್ತಾಗುತ್ತದೆ. 135ಕ್ಕೆ ಗೆರೆಗಳು ಸಣ್ಣಗಿರಬೇಕು, ಒಂದು ಕಪ್ಪು ಒಂದು ಖಾಲಿ ಸೇರಿ 1 ಮಿ.ಮೀ. ಅಷ್ಟು ಸಣ್ಣದನ್ನು ಅಕ್ರಿಲಿಕ್‌ನಲ್ಲಿ ಕೊರೆಸಿದರೆ ಕರಗಿ ಅಂಟಿಕೊಳ್ಳುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಓಎಚ್‌ಪಿ ಹಾಳೆಯ ಮೇಲೆ ಲೇಸರ್ ಪ್ರಿಂಟ್ ಮಾಡಿಸಿ, ಗಾಜು ತೆಗೆದ ಹಳೆಯ ಯುವಿ ಫಿಲ್ಟರ್ ಚೌಕಟ್ಟಿಗೆ ಅಂಟಿಸಿದೆ. ಫೋಟೊ ತೆಗೆಯುವಾಗ ಮಾಸ್ಕ್ ಬಿಚ್ಚಲೇಬೇಕು. ನೋಡೋ ನಕ್ಷತ್ರ ಸಂಜೆ ಲುಬ್ಧಕ (ಸಿರಿಯಸ್), ಜಾವಕ್ಕೆ ಸ್ವಾತಿ, ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ.

ಅಳತೆ

ತಾಪಮಾನ ಅಳೆಯುವ ಡಿಎಸ್18ಬಿ20 ಸೆನ್ಸರನ್ನು ಲೆನ್ಸ್‌ನ ಮೈಗೆ ಅಲ್ಯೂಮಿನಿಯಂ ಟೇಪ್‌ನಿಂದ ಅಂಟಿಸಿ, ಮೇಲೆ ಥರ್ಮಕೋಲ್ ಚೂರು ಇಟ್ಟೆ. ಆರ್ಡುಯಿನೊ ನ್ಯಾನೊ ಅನ್ನೋ ಪುಟ್ಟ ಸರ್ಕ್ಯೂಟ್ ಬೋರ್ಡ್ ಅದನ್ನು ಓದಿ ಹೇಳುತ್ತದೆ. ಈ ಸೆನ್ಸರ್ ಅರ್ಧ ಡಿಗ್ರಿ ಆಚೀಚೆ ತೋರಿಸಬಹುದು, ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ. ಮೊಬೈಲ್‌ನಲ್ಲಿ ಬರುವ ಹವೆಯ ಲೆಕ್ಕ ಮಾತ್ರ ಬೇಡ. ಗಾಳಿ ಬೇಗ ತಣ್ಣಗಾಗುತ್ತದೆ, ಲೋಹ ನಿಧಾನ. ಆಮೇಲೆ ಜಾವದ ಹೊತ್ತಿಗೆ ತಿರುಗುಮುರುಗು. ತಿಳಿ ಆಕಾಶಕ್ಕೆ ಮುಖ ಮಾಡಿದ ಲೆನ್ಸ್ ತನ್ನ ಕಾವನ್ನು ಮೇಲಕ್ಕೆ ಬಿಟ್ಟು ಬಿಟ್ಟು ಗಾಳಿಗಿಂತಲೂ ತಣ್ಣಗಾಗುತ್ತದೆ. ಇಬ್ಬನಿ ಕೂರೋದೂ ಅದಕ್ಕೇ.

28 ಡಿಗ್ರಿಯಲ್ಲಿ ಫೋಕಸ್ ಮಾಡಿ ಡಯಲ್ ಸೊನ್ನೆಗೆ ಇಟ್ಟೆ. ಲೆನ್ಸ್ ಮೈ 22ಕ್ಕೆ ಇಳಿದಾಗ ಐದು ಗೆರೆ ತಿರುಗಿಸಬೇಕಾಯಿತು. 16ಕ್ಕೆ ಬಂದಾಗ ಹತ್ತು ಗೆರೆ, ಅಂದರೆ ಪೂರ್ತಿ ಒಂದು ಸುತ್ತು. ದಿಕ್ಕು ಎಣಿಸಿದ್ದೇ: ಗಾಜನ್ನು ಮುಂದಕ್ಕೆ ತರೋದು. ಮೊತ್ತ ಮಾತ್ರ ಕಡಿಮೆ. ಬರೀ ಕೊಳವೆಯ ಲೆಕ್ಕದಲ್ಲಿ 37 ಮೈಕ್ರಾನ್ ಆಗಬೇಕಿತ್ತು, ಬಂದದ್ದು 22. ಉಳಿದ 15ನ್ನು ಗಾಜು ನುಂಗಿದೆ. ಚಳಿಗೆ ಫೋಕಲ್ ಲೆಂತ್ ಕೂಡ ಸ್ವಲ್ಪ ಗಿಡ್ಡವಾಗಿ ಕೊಳವೆಯ ಜೊತೆ ಹೆಜ್ಜೆ ಹಾಕಿದೆ. ಹೀಗಾಗಿ ನನ್ನ ಸಂಖ್ಯೆ ನಿಮ್ಮ ಲೆನ್ಸ್‌ಗೆ ಆಗಿಬರೋದಿಲ್ಲ. ಅದೇ 135 ಆದರೂ ಒಳಗಿನ ಗಾಜು ಬೇರೆ ಇದ್ದರೆ ಮೊತ್ತ ಬೇರೆ, ಇಡಿ ಗಾಜು (ಬಣ್ಣಗಳನ್ನು ಕಡಿಮೆ ಚದುರಿಸುವ ವಿಶೇಷ ಗಾಜು) ಜಾಸ್ತಿ ಇದ್ದರೆ ದಿಕ್ಕೇ ಬೇರೆ ಆಗಬಹುದು.

ದೊಡ್ಡವರಿಗೂ ಇದರಿಂದ ಬಿಡುಗಡೆಯಿಲ್ಲ. ತಮಿಳುನಾಡಿನ ಕಾವಲೂರಿನ 2.34 ಮೀಟರ್ ವೇಣು ಬಾಪು ಟೆಲಿಸ್ಕೋಪಿನ ಕನ್ನಡಿಯನ್ನು ಉಜ್ಜಿ ಹೊಳಪು ಕೊಟ್ಟದ್ದು ಬೆಂಗಳೂರಿನಲ್ಲೇ, ಭಾರತೀಯ ಖಭೌತ ಸಂಸ್ಥೆಯಲ್ಲಿ. ಅದರ ಗಾಜು ಜೆರೋಡುರ್, ಬಿಸಿ ಚಳಿಗೆ ಹೆಚ್ಚುಕಡಿಮೆ ಜಗ್ಗದ ಜಾತಿ. ಕನ್ನಡಿ ಜಗ್ಗದಿದ್ದರೂ ಅದನ್ನು ಹೊತ್ತ ಉಕ್ಕಿನ ಚೌಕಟ್ಟು ಜಗ್ಗುತ್ತದಲ್ಲ.

ಹೀಟರ್ ತಂದ ತಕರಾರು

ಇಬ್ಬನಿಗೆ ಲೆನ್ಸ್ ಮುಂಭಾಗಕ್ಕೆ ಹೀಟರ್ ಪಟ್ಟಿ ಬೇಕು. 470 ಓಮ್‌ನ ಅರ್ಧ ವ್ಯಾಟ್ ರೆಸಿಸ್ಟರ್ ಹತ್ತನ್ನು ಪ್ಯಾರಲಲ್ ಆಗಿ ಬೆಸೆದು, ಬಟ್ಟೆ ಪಟ್ಟಿಯೊಳಗೆ ಹೊಲಿದು 12 ವೋಲ್ಟ್ ಕೊಟ್ಟರೆ ಒಟ್ಟು 3 ವ್ಯಾಟ್. ಒಂದೊಂದರ ಮೇಲೂ 0.3 ವ್ಯಾಟ್, ಸುಡೋದಿಲ್ಲ.

ಮಧ್ಯರಾತ್ರಿ ಇಬ್ಬನಿ ಕಂಡ ಮೇಲೆ ಇದನ್ನು ಹಾಕಿದರೆ ಮೂರು ಗೆರೆಯಷ್ಟು ಫೋಕಸ್ ಜಾರುತ್ತದೆ, ಅದೂ ಉಲ್ಟಾ ದಿಕ್ಕಿಗೆ. ಮೈಗೆ ಅಂಟಿಸಿದ ಸೆನ್ಸರ್ ಹಿಂದುಗಡೆ ಇದೆ, ಅದಕ್ಕೆ ಸುದ್ದಿಯೇ ಇಲ್ಲ. ಮುಂದಿನ ಗಾಜು ಬೆಚ್ಚಗೆ, ಹಿಂದಿನದು ತಣ್ಣಗೆ. ಎರಡನೇ ಸೆನ್ಸರ್ ಹಾಕಿ ಲೆಕ್ಕ ಜಟಿಲ ಮಾಡೋ ಬದಲು ಈಗ ಸಂಜೆಯೇ ಹೀಟರ್ ಹಾಕಿಬಿಡುತ್ತೇನೆ. ಮುಕ್ಕಾಲು ಗಂಟೆ ಕಾದು, ಆಮೇಲೆ ಸೊನ್ನೆ ಹೊಂದಿಸುತ್ತೇನೆ. ಹೀಟರ್ ಹಾಕಿಕೊಂಡೇ ಇನ್ನೊಮ್ಮೆ ಅಳೆದಾಗ ಲೆಕ್ಕ ಹೆಚ್ಚು ಬದಲಾಗಲಿಲ್ಲ. ಒಂದು ಡಿಗ್ರಿಗೆ ಒಂದು ಗೆರೆಗಿಂತ ತುಸು ಕಡಿಮೆ. ಬರೆದ ಚೀಟಿ ಆಂಗಲ್ ಮೇಲೆ ಅಂಟಿಸಿದ್ದೇನೆ.

ನಡೆಸುವ ವಿಧಾನ ಹೀಗೆ. ಸೆನ್ಸರ್ ಮೂರು ಡಿಗ್ರಿ ಇಳಿದಾಗಲೆಲ್ಲ ಎರಡು ಫೋಟೊ ನಡುವೆ ಚೀಟಿ ನೋಡಿ ಎರಡೂವರೆ ಗೆರೆ ತಿರುಗಿಸೋದು. ಮಾಸ್ಕ್ ಹಾಕಿ ನೋಡೋದು ನಕ್ಷತ್ರಪುಂಜ ಬದಲಿಸಿದಾಗ ಮಾತ್ರ. ಸ್ಟೆಪರ್ ಮೋಟರ್ ಹಾಕಿ ಇದನ್ನೂ ತಾನಾಗೇ ಮಾಡಿಸಬಹುದು. ನಕ್ಷತ್ರಗಳ ಜೊತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಮೇಲೆ ಆಗಲೇ ತೂಕ ಜಾಸ್ತಿಯಾಗಿದೆ, ಅದಕ್ಕೆ ಸದ್ಯಕ್ಕೆ ಬೇಡ ಅನ್ನಿಸಿದೆ.

ಉಳಿದಿರುವ ಒಂದು ತಲೆನೋವು ಹೆಲಿಕಾಯ್ಡ್‌ನ ಆಟ. ಗ್ರೀಸ್ ತೆಳ್ಳಗೆ ಹಾಕಿದ ಮೇಲೆ ಲೆನ್ಸ್ ನೆತ್ತಿಯ ಕಡೆ ತಿರುಗಿದರೆ ಗಾಜಿನ ಭಾರಕ್ಕೆ ಮುಂಭಾಗ ಒಂಚೂರು ಕೂರುತ್ತದೆ, ಒಂದು ಗೆರೆಯಷ್ಟು. ಸ್ಪ್ರಿಂಗ್ ರಿಂಗಿನ ಆಟವನ್ನು ತಡೆಯುತ್ತದೆ, ಥ್ರೆಡ್‌ನದ್ದನ್ನಲ್ಲ. ಈಗ ಮಾಡುತ್ತಿರೋದು ಇಷ್ಟೇ. ಬೋಲ್ಟ್ ಯಾವ ಕಡೆಗೆ ತಿರುಗಿಸಬೇಕಿದ್ದರೂ, ಮೊದಲು ಎರಡು ಗೆರೆ ಹಿಂದೆ ಹೋಗಿ, ಕೊನೆಯ ತಿರುವನ್ನು ಯಾವಾಗಲೂ ಗಾಜನ್ನು ಮುಂದೆ ದೂಡುವ ಕಡೆಗೇ ಮುಗಿಸುತ್ತೇನೆ. ಸ್ವಲ್ಪ ಮಂದವಾದ ಗ್ರೀಸ್ ಸಿಕ್ಕರೆ ಬೇಸಿಗೆಗೆ ಮೊದಲು ಇನ್ನೊಮ್ಮೆ ಬಿಚ್ಚಬೇಕು.